ಎರಡನೇ, ನಾಲ್ಕನೇ ಶನಿವಾರ ಮೂರೂವರೆಗೆ: ಊರಿನಲ್ಲೊಂದು ಜೊತೆಗಾರರ ಕೂಟ ನಡೆಸುವ ಬಗೆ

ಮಾನಸಿಕ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿರುವ ಏಳೆಂಟು ಮಂದಿ ಹದಿನೈದು ದಿನಕ್ಕೊಮ್ಮೆ ಒಂದೂವರೆ ಗಂಟೆ ಒಟ್ಟಿಗೆ ಕೂರುವುದು. ಕೆಲಸ ಇಷ್ಟೇ. ಭಾಷಣ ಇಲ್ಲ, ಬ್ಯಾನರ್ ಇಲ್ಲ, ದೀಪ ಬೆಳಗಿಸುವ ಉದ್ಘಾಟನೆಯಂತೂ ಬೇಡವೇ ಬೇಡ. ಆದರೂ ಕೇರಳದ ಕಾಸರಗೋಡು ಜಿಲ್ಲೆಯಲ್ಲಿ, ಮಂಜೇಶ್ವರದಿಂದ ಮುಳ್ಳೇರಿಯದ ತನಕ ನಮ್ಮ ಕನ್ನಡದ ಊರುಗಳಲ್ಲಿ ಇಂಥದ್ದನ್ನು ಶುರು ಮಾಡಿದರೆ ನಾಲ್ಕನೆಯ ಸಲಕ್ಕೆ ನಿಂತುಹೋಗುವ ಅಪಾಯ ಇದ್ದೇ ಇದೆ. ಜನರಿಗೆ ಆಸಕ್ತಿ ಇಲ್ಲದೆ ನಿಲ್ಲುವುದಲ್ಲ. ಜಾಗ ಸಮ ಇರುವುದಿಲ್ಲ, ಬಸ್ಸಿನ ಹೊತ್ತು ಯಾರೂ ನೋಡಿರುವುದಿಲ್ಲ, ಒಬ್ಬರು ಉಪದೇಶಕ್ಕೆ ಇಳಿದಿರುತ್ತಾರೆ, ಇಲ್ಲವೇ ಒಳಗಿನ ಮಾತು ಮದುವೆ ದಲ್ಲಾಳಿಯ ಕಿವಿಗೆ ಬಿದ್ದಿರುತ್ತದೆ. ಈ ಬರಹ ಹೆಚ್ಚು ಹೊತ್ತು ನಿಲ್ಲುವುದು ಅಂಥ ಕಡೆಗಳಲ್ಲಿ.

ಕೂಟ ಆಸ್ಪತ್ರೆಗೆ ಬದಲಿಯಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ಮಾಡಿತು: ಮನೋವೈದ್ಯರು ಇಲ್ಲದ ಊರಿನಲ್ಲೂ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಮದ್ದು ಸಿಗುವಂತೆ ಮಾಡಬಹುದೇ ಎಂದು. ಅದೇ ಮಾದರಿ ಹಿಡಿದು 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿತು. ಇಂದು ನಮ್ಮ ಜಿಲ್ಲೆಯಲ್ಲೂ ಆ ತಂಡ ಸಾಮೂಹಿಕ ಆರೋಗ್ಯ ಕೇಂದ್ರ, ತಾಲೂಕು ಆಸ್ಪತ್ರೆಗಳಿಗೆ ಗೊತ್ತಾದ ದಿನ ಬಂದು ಕ್ಲಿನಿಕ್ ನಡೆಸುತ್ತದೆ, ಮದ್ದು ಪುಕ್ಕಟೆ. ಅಲ್ಲಿ ಒಬ್ಬರಿಗೆ ಸಿಗುವ ಹೊತ್ತು ಕೆಲವೇ ನಿಮಿಷ. ತಿಂಗಳ ಉಳಿದ ಇಪ್ಪತ್ತೊಂಬತ್ತು ದಿನ ರೋಗಿ ಮನೆಯ ಚಾವಡಿಯಲ್ಲಿ ಒಬ್ಬನೇ. ಕೂಟ ಇರುವುದು ಆ ಇಪ್ಪತ್ತೊಂಬತ್ತು ದಿನಗಳಿಗಾಗಿ.

ಮೊದಲು ಇಬ್ಬರು

ನಡೆಸುವವರು ಇಬ್ಬರು ಬೇಕು. ಒಬ್ಬರೇ ಆದರೆ ಅವರಿಗೆ ಜ್ವರ ಬಂದ ದಿನ ಕೂಟವೂ ಮಲಗುತ್ತದೆ. ಎರಡು ಸಲ ಬಾಗಿಲು ಹಾಕಿದ್ದನ್ನು ನೋಡಿ ವಾಪಸು ಹೋದವರು ಮೂರನೆಯ ಸಲ ಬರುವುದಿಲ್ಲ. ಇಬ್ಬರಲ್ಲಿ ಒಬ್ಬರಾದರೂ ಕಾಯಿಲೆಯನ್ನು ಸ್ವತಃ ಅನುಭವಿಸಿ, ಕನಿಷ್ಠ ಆರು ತಿಂಗಳಿಂದ ತಕ್ಕಮಟ್ಟಿಗೆ ಸಮಸ್ಥಿತಿಯಲ್ಲಿ ಇರುವವರಾಗಿರಬೇಕು. ಇನ್ನೊಬ್ಬರು ಮನೆಯಲ್ಲಿ ರೋಗಿಯನ್ನು ನೋಡಿಕೊಂಡವರು ಆಗಬಹುದು. ಆದರೆ ಅವರ ಮನೆಯ ರೋಗಿ ಅದೇ ಕೂಟದಲ್ಲಿ ಇರಬಾರದು. ತಾಯಿ ಎದುರಿಗೆ ಕೂತಿರುವಾಗ ಮಗ ಮಾತ್ರೆ ಬಿಟ್ಟದ್ದನ್ನು ಹೇಳುತ್ತಾನೆಯೇ?

ಊರಿನ ಮುಂದಾಳುಗಳನ್ನೂ ನಿವೃತ್ತ ಮಾಸ್ತರರನ್ನೂ ನಡೆಸುವ ಸ್ಥಾನಕ್ಕೆ ಕರೆಯುವ ಆಸೆ ಬರುತ್ತದೆ. ಬೇಡ. ಅವರಿಗೆ ಮಾತು ಚೆನ್ನಾಗಿ ಬರುತ್ತದೆ, ತೊಂದರೆ ಅದೇ.

ಮೊದಲ ಕೂಟಕ್ಕೆ ಮುಂಚೆ ಇಬ್ಬರೂ ಹತ್ತಿರದ ಕುಟುಂಬ ಆರೋಗ್ಯ ಕೇಂದ್ರಕ್ಕೆ ಹೋಗಿ ಮೂರು ಸಂಗತಿ ಕೇಳಿ ಬರೆದುಕೊಳ್ಳಿ: ಮಾನಸಿಕ ಆರೋಗ್ಯ ತಂಡ ಯಾವ ವಾರ, ಎಲ್ಲಿಗೆ ಬರುತ್ತದೆ, ತುರ್ತು ಬಂದರೆ ಹಗಲಿಗೆ ಯಾರಿಗೆ, ರಾತ್ರಿಗೆ ಯಾರಿಗೆ ಫೋನ್ ಮಾಡಬೇಕು, ತಂಡದಲ್ಲಿ ಕನ್ನಡ ಅಥವಾ ತುಳು ಬಲ್ಲವರು ಯಾರಿದ್ದಾರೆ. ಕೂಟಕ್ಕೆ ಜನ ಸೇರುವುದು ಗೋಡೆಯ ಪೋಸ್ಟರಿನಿಂದಲ್ಲ. ಕ್ಲಿನಿಕ್ಕಿನ ನರ್ಸ್, ವಾರ್ಡಿನ ಆಶಾ ಕಾರ್ಯಕರ್ತೆ ಒಬ್ಬೊಬ್ಬರಿಗೇ ಮೆಲ್ಲ ಹೇಳಿದರೆ ಬರುತ್ತಾರೆ. ಆಶಾ ಅವರಿಗೆ ಒಂದು ವಾಕ್ಯ ಕೊಟ್ಟಿರಿ: “ನಿಮ್ಮ ಹಾಗೆಯೇ ಮದ್ದು ತೆಗೆದುಕೊಳ್ಳುವ ಕೆಲವರು ಶನಿವಾರ ಕೂತು ಮಾತಾಡುತ್ತಾರೆ, ಒಮ್ಮೆ ಬಂದು ನೋಡಿ, ಮಾತಾಡಲೇಬೇಕೆಂದಿಲ್ಲ.” ಕೊನೆಯ ತುಂಡನ್ನು ಬಿಡದೆ ಹೇಳಬೇಕು. ಎಷ್ಟೋ ಮಂದಿ ಬರುವುದು ಅದೊಂದು ಮಾತಿನ ಧೈರ್ಯದಲ್ಲಿ.

ಸಂಖ್ಯೆ ಆರರಿಂದ ಹತ್ತು. ನಾಲ್ಕೇ ಮಂದಿ ಇದ್ದರೆ ಇಬ್ಬರು ತಪ್ಪಿಸಿದ ದಿನ ಕೂಟವೇ ಇಲ್ಲ. ಹನ್ನೆರಡಾದರೆ ಒಬ್ಬೊಬ್ಬರಿಗೆ ನಾಲ್ಕು ನಿಮಿಷ ಕೊಟ್ಟರೂ ಒಂದು ಸುತ್ತಿಗೆ ಮುಕ್ಕಾಲು ಗಂಟೆ ಮುಗಿದು ಹೋಗುತ್ತದೆ. ಹನ್ನೊಂದನೆಯವರು ಬಂದಾಗ ಇನ್ನೊಂದು ಕೂಟದ ಯೋಚನೆ ಮಾಡಿ.

ಜಾಗ, ಹೊತ್ತು, ಚಪ್ಪಲಿ

ದೇವಸ್ಥಾನದ ಸಭಾಭವನ, ಮದ್ರಸ, ಚರ್ಚಿನ ಹಾಲ್ ಮೂರೂ ಬೇಡ. ಕೊಡುವವರ ಮನಸ್ಸು ದೊಡ್ಡದೇ ಇರಬಹುದು, ಆದರೆ ಉಳಿದ ಎರಡು ಕಡೆಯವರು ಬರುವುದಿಲ್ಲ. ನಮ್ಮಲ್ಲಿ ಪ್ರತಿ ಜಂಕ್ಷನ್ನಿನಲ್ಲಿ ಒಂದೊಂದು ಕ್ಲಬ್ಬು, ಪ್ರತಿ ಕ್ಲಬ್ಬಿಗೂ ಒಂದು ಬಾವುಟದ ಬಣ್ಣ, ಅದೂ ಬೇಡ. ಆಸ್ಪತ್ರೆಯ ಕೋಣೆ ಸಿಗಬಹುದು, ಆದರೆ ಅಲ್ಲಿ ಕೂತರೆ ಎಲ್ಲರೂ ಮತ್ತೆ ರೋಗಿಗಳೇ ಆಗುತ್ತಾರೆ. ಉಳಿಯುವುದು ಗ್ರಂಥಾಲಯದ ಹಿಂದಿನ ಕೋಣೆ, ಮಕ್ಕಳು ಹೋದ ಮೇಲಿನ ಅಂಗನವಾಡಿ, ಕುಟುಂಬಶ್ರೀಯವರು (ಕೇರಳದ ಹೆಂಗಸರ ಸ್ವಸಹಾಯ ಗುಂಪಿನವರು) ಕೂರುವ ವಾರ್ಡಿನ ಕಟ್ಟಡ. ಗ್ರಂಥಾಲಯ ಎಲ್ಲಕ್ಕಿಂತ ಉತ್ತಮ. “ಎಲ್ಲಿಗೆ?” ಎಂದು ದಾರಿಯಲ್ಲಿ ಕೇಳಿದವರಿಗೆ ಸುಳ್ಳು ಹೇಳದೆ ಉತ್ತರ ಕೊಡಬಹುದು.

ಕೋಣೆಯನ್ನು ಗೊತ್ತು ಮಾಡುವ ಮೊದಲು ಹೊರಗೆ ರಸ್ತೆಯಲ್ಲಿ ನಿಂತು ನೋಡಿ. ಮಾತು ಹೊರಗೆ ಕೇಳುತ್ತದೆಯೇ, ಕಿಟಕಿಯಿಂದ ಮುಖ ಕಾಣುತ್ತದೆಯೇ. ಇನ್ನೊಂದು, ಸಾಮಾನ್ಯವಾಗಿ ಯಾರಿಗೂ ಹೊಳೆಯದ್ದು: ಮೆಟ್ಟಿಲಲ್ಲಿ ಬಿಟ್ಟ ಚಪ್ಪಲಿ. ಊರಿನಲ್ಲಿ ಯಾರ ಚಪ್ಪಲಿ, ಯಾರ ಸ್ಕೂಟರು ಎಂದು ದೂರದಿಂದಲೇ ಹೇಳಬಲ್ಲವರಿದ್ದಾರೆ. ಚಪ್ಪಲಿ ಒಳಗೆ, ಬಾಗಿಲ ಹಿಂದೆ ಒಂದು ಗೋಣಿಯ ಮೇಲೆ ಇರಲಿ. ಸ್ಕೂಟರು ಅಂಗಡಿಯ ಹತ್ತಿರ ನಿಲ್ಲಿಸಿ ನಡೆದು ಬರಲಿ.

ಹೊತ್ತು ಮಧ್ಯಾಹ್ನ ಮೂರೂವರೆಯಿಂದ ಐದು. ಬೆಳಗ್ಗೆ ಇಟ್ಟರೆ ರಾತ್ರಿಯ ಮಾತ್ರೆಯ ಮಂಪರು ಇಳಿದಿರುವುದಿಲ್ಲ. ಎಷ್ಟೋ ಮದ್ದುಗಳು ಹತ್ತು ಗಂಟೆಯ ತನಕ ತಲೆಯನ್ನು ಭಾರ ಮಾಡಿ ಇಡುತ್ತವೆ. ಸಂಜೆ ತಡವಾದರೆ ಒಳರಸ್ತೆಯ ಬಸ್ಸು ತಪ್ಪುತ್ತದೆ, ಹೆಂಗಸರು ಬರುವುದಿಲ್ಲ. ಪೆರ್ಲ, ಬದಿಯಡ್ಕ, ಕುಂಬಳೆ, ಯಾವ ಕಡೆಯಿಂದ ಬರುವವರಿದ್ದರೂ ವಾಪಸು ಬಸ್ಸಿನ ಸಮಯ ಕೇಳಿ, ಅದಕ್ಕೆ ಇಪ್ಪತ್ತು ನಿಮಿಷ ಮೊದಲು ಮುಗಿಸಿ. ದಿನ ಬದಲಿಸಬೇಡಿ. ಜೂನ್–ಜುಲೈ ಮಳೆಗೂ, ಅಡಕೆಗೆ ಮದ್ದು ಬಿಡುವ ದಿನಕ್ಕೂ, ಚುನಾವಣೆಗೂ ಬದಲಿಸಬೇಡಿ. “ಈ ಸಲ ಒಂದು ವಾರ ಮುಂದಕ್ಕೆ” ಎಂಬ ಮಾತು ಬಂದಲ್ಲಿಂದ ಕೂಟ ಸಡಿಲವಾಗುತ್ತದೆ.

ಒಂದೂವರೆ ಗಂಟೆ

ಮೊದಲ ಹತ್ತು ನಿಮಿಷ ಕೂತುಕೊಳ್ಳಲು, ನಿಯಮ ಓದಲು. ನಿಯಮ ಐದೇ ಇರಲಿ, ಪ್ರತಿ ಸಲ ಗಟ್ಟಿಯಾಗಿ ಓದಲೇಬೇಕು. ಇಲ್ಲಿ ಕೇಳಿದ್ದು ಇಲ್ಲೇ. ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿ ಹಾಕುವುದಿಲ್ಲ. ಕೇಳದೆ ಸಲಹೆ ಕೊಡುವುದಿಲ್ಲ. ಮಾತಾಡದೆ ಇರುವ ಹಕ್ಕು ಎಲ್ಲರಿಗೂ ಇದೆ. ಜೀವಕ್ಕೆ ಅಪಾಯ ಕಂಡರೆ ಮಾತ್ರ ನಡೆಸುವವರು ಹೊರಗಿನವರಿಗೆ ತಿಳಿಸುತ್ತಾರೆ, ಅದನ್ನೂ ಆ ವ್ಯಕ್ತಿಗೆ ಹೇಳಿಯೇ. ಈ ಕೊನೆಯದನ್ನು ಮೊದಲ ದಿನವೇ ಹೇಳದೆ, ಪ್ರಸಂಗ ಬಂದಾಗ ಹೇಳಿದರೆ ನಂಬಿಕೆದ್ರೋಹದಂತೆ ಕಾಣುತ್ತದೆ.

ಮುಂದಿನ ನಲವತ್ತು ನಿಮಿಷ ಒಂದು ಸುತ್ತು. ಒಂದು ಒಣ ಅಡಕೆ ಸಾಕು. ಅದು ಯಾರ ಕೈಯಲ್ಲಿದೆಯೋ ಅವರು ಮಾತಾಡಬೇಕು, ಉಳಿದವರು ಕೇಳಬೇಕು. ಮಾತಾಡಲು ಮನಸ್ಸಿಲ್ಲದವರು ಅಡಕೆಯನ್ನು ಒಂದು ಕ್ಷಣ ಹಿಡಿದು ಪಕ್ಕದವರಿಗೆ ದಾಟಿಸಿದರಾಯಿತು. ಬಹಳ ಸಲ ಆಗುವುದೇನೆಂದರೆ, ಮೊದಲ ಮೂರು ಕೂಟ ದಾಟಿಸಿದವರು ನಾಲ್ಕನೆಯದರಲ್ಲಿ ಅಡಕೆಯನ್ನು ಎರಡು ಬೆರಳಲ್ಲಿ ತಿರುಗಿಸುತ್ತಾ ತಿರುಗಿಸುತ್ತಾ, ಅದನ್ನೇ ನೋಡಿಕೊಂಡು ಮಾತು ಶುರು ಮಾಡುತ್ತಾರೆ. ಎದುರಿನವರ ಕಣ್ಣು ನೋಡಬೇಕಾಗಿಲ್ಲ ಎಂಬುದೇ ಆ ಅಡಕೆಯ ಉಪಯೋಗ. ಕೇಳಬೇಕಾದ ಪ್ರಶ್ನೆ “ಹೇಗಿದ್ದೀರಿ?” ಅಲ್ಲ. ಅದಕ್ಕೆ ಎಲ್ಲರೂ “ಸುಮಾರು” ಎನ್ನುತ್ತಾರೆ, ಮಾತು ಅಲ್ಲಿಗೆ ಸತ್ತಿತು. “ಕಳೆದ ಹದಿನೈದು ದಿನದಲ್ಲಿ ಯಾವ ಹೊತ್ತು ಕಷ್ಟವಾಯಿತು, ಆಗ ಏನು ಮಾಡಿದಿರಿ?” ಎಂದು ಕೇಳಿ.

ಆಮೇಲೆ ಅರ್ಧ ಗಂಟೆ ಒಂದೇ ವಿಷಯ. ರಾತ್ರಿ ನಿದ್ದೆ, ಮದುವೆ ಮನೆಗೆ ಹೋಗುವಾಗಿನ ಹೆದರಿಕೆ, ಕೆಲಸಕ್ಕೆ ಮರಳುವುದು, ಮಾತ್ರೆಯಿಂದ ಏರಿದ ತೂಕ. ಯಾರಾದರೂ ಸಲಹೆ ಕೇಳಿದರೆ ಆಗ ಕೊಡಬಹುದು, ಅದೂ ತನ್ನ ಅನುಭವವಾಗಿ: “ನನಗೆ ಹೀಗಾಗಿತ್ತು, ನಾನು ಹೀಗೆ ಮಾಡಿದೆ.” “ನೀನು ಹೀಗೆ ಮಾಡು” ಎಂದು ಬಂದ ಕೂಡಲೇ ನಡೆಸುವವರು ತಡೆಯಬೇಕು. ಒಬ್ಬ ಹುಡುಗ ಬೆಳಗ್ಗೆ ಏಳಲಾಗುವುದಿಲ್ಲ ಎಂದ ಎಂದಿಟ್ಟುಕೊಳ್ಳಿ. “ಐದು ಗಂಟೆಗೆ ಎದ್ದು ತಣ್ಣೀರು ಸ್ನಾನ ಮಾಡು” ಎಂದರೆ ಅವನಿಗೆ ಕೇಳಿಸುವುದು ‘ನೀನು ಉದಾಸೀನದವನು’ ಎಂದು ಮಾತ್ರ. “ನನಗೂ ಎಂಟು ತಿಂಗಳು ಹಾಗೆಯೇ ಇತ್ತು, ಎದ್ದು ಬಾವಿಕಟ್ಟೆಯವರೆಗೆ ಹೋಗಿ ಬಂದರೆ ಅದೇ ಆ ದಿನದ ಕೆಲಸ” ಎಂದರೆ ಅವನು ತಲೆ ಎತ್ತುತ್ತಾನೆ. ಕೂಟದ ಕಸುಬೆಲ್ಲ ಈ ಎರಡು ವಾಕ್ಯಗಳ ನಡುವಿನ ವ್ಯತ್ಯಾಸದಲ್ಲಿದೆ. ಅಮೆರಿಕದ ಆಕ್ರನ್ ಎಂಬ ಪಟ್ಟಣದಲ್ಲಿ 1935ರಲ್ಲಿ ಇಬ್ಬರು ಕುಡುಕರು ಪರಸ್ಪರ ಮಾತಾಡಿ ಶುರುವಾದ ಮದ್ಯವ್ಯಸನಿಗಳ ಕೂಟಗಳು ಇವತ್ತಿನವರೆಗೆ ಉಳಿದದ್ದೂ ಹೀಗೆ ತನ್ನದನ್ನೇ ಹೇಳಿಕೊಳ್ಳುವ ಬಗೆಯಿಂದ.

ಸ್ವರಗಳು ಕೇಳಿಸುತ್ತವೆ ಎಂದು ಯಾರಾದರೂ ಹೇಳಿದರೆ “ಅದೆಲ್ಲ ಸುಳ್ಳು” ಎಂದು ವಾದಿಸಬೇಡಿ, “ಹೌದು” ಎಂದು ತಾಳವನ್ನೂ ಹಾಕಬೇಡಿ. ಯಾವಾಗ ಜೋರಾಗುತ್ತದೆ, ಏನು ಮಾಡಿದರೆ ಮೆಲ್ಲಗಾಗುತ್ತದೆ ಎಂದು ಕೇಳಿ. ನೆದರ್ಲೆಂಡ್ಸಿನಲ್ಲಿ 1987ರಲ್ಲಿ ಹುಟ್ಟಿದ ಸ್ವರ ಕೇಳುವವರ ಕೂಟಗಳು ಕಲಿಸಿದ್ದು ಇದನ್ನೇ. ರೇಡಿಯೊ, ಯಾರೊಂದಿಗಾದರೂ ಮಾತು, ಬೀಡಿ ಕಟ್ಟುವಂಥ ಕೈಕೆಲಸ, ಒಬ್ಬೊಬ್ಬರಿಗೆ ಒಂದೊಂದು. ಸ್ವರ ಏನಾದರೂ ಮಾಡಲು ಆಜ್ಞೆ ಕೊಡುತ್ತಿದೆ ಎಂದರೆ ಮಾತ್ರ ಅದು ಕೂಟದ ವಿಷಯವಲ್ಲ, ಅದೇ ದಿನ ಡಾಕ್ಟರರ ವಿಷಯ.

ಕೊನೆಯ ಹತ್ತು ನಿಮಿಷದಲ್ಲಿ ಪ್ರತಿಯೊಬ್ಬರೂ ಮುಂದಿನ ಹದಿನೈದು ದಿನಕ್ಕೆ ಒಂದು ಸಣ್ಣ ಕೆಲಸ ಹೇಳಬೇಕು. ‘ಚೆನ್ನಾಗಿರುತ್ತೇನೆ’ ಎಂಬುದು ಕೆಲಸವಲ್ಲ. ‘ಬುಧವಾರ ರೇಷನ್ ಅಂಗಡಿಗೆ ನಾನೇ ಹೋಗುತ್ತೇನೆ’ ಎಂಬುದು ಕೆಲಸ. ಚಹಾ ಎಲ್ಲ ಮುಗಿದ ಮೇಲೆ. ಮನೆಯಿಂದ ಸರದಿಯಲ್ಲಿ ತಿಂಡಿ ತರುವ ವ್ಯವಸ್ಥೆ ಬೇಡ. ತರಲಾಗದವರು ಮೊದಲು ಹಿಂದೆ ಸರಿಯುತ್ತಾರೆ, ಆಮೇಲೆ ಯಾರ ಮನೆಯದನ್ನು ಯಾರು ತಿನ್ನುತ್ತಾರೆ ಎಂಬ ಹಳೆಯ ಲೆಕ್ಕ ಶುರುವಾಗುತ್ತದೆ. ಹೋಟೆಲಿನ ಕಟ್ಟಂಚಾಯ, ಅಂದರೆ ಹಾಲಿಲ್ಲದ ಚಹಾ, ಎಲ್ಲರಿಗೂ ಒಂದೇ.

ಯಾವ ಭಾಷೆ

ಕೂಟದ ಭಾಷೆ ಯಾವುದು ಎಂದು ನಿರ್ಣಯ ಮಾಡಬೇಡಿ. ಕನ್ನಡದಲ್ಲಿ ಶುರುವಾದ ಮಾತು ಅಳು ಬರುವ ಹೊತ್ತಿಗೆ ತುಳುವಿಗೋ ಹವ್ಯಕಕ್ಕೋ ಬ್ಯಾರಿಗೋ ಮರಾಟಿಗೋ ಹೊರಳುತ್ತದೆ. ಹೊರಳಲಿ. ಅರ್ಥವಾಗದವರಿಗೆ ಪಕ್ಕದವರು ಆಮೇಲೆ ಎರಡು ವಾಕ್ಯದಲ್ಲಿ ಹೇಳಿದರೆ ಸಾಕು.

ತೊಂದರೆ ಬರುವುದು ಮಲಯಾಳಂ ಮಾತಾಡುವ ಡಾಕ್ಟರರ ಎದುರಿಗೆ. ಮಲಯಾಳಂನಲ್ಲಿ ‘ಶಬ್ದಂ’ ಎಂದರೆ ಮನುಷ್ಯರ ಸ್ವರವೂ ಹೌದು. “ಶಬ್ದಂ ಕೇಳುತ್ತದೆಯೇ?” ಎಂದು ಕೇಳಿದಾಗ ನಮ್ಮವರು ಸದ್ದು ಎಂದುಕೊಂಡು “ಇಲ್ಲ” ಎಂದುಬಿಡುತ್ತಾರೆ. ‘ವಿಷಮಂ’ ಎಂದರೆ ಅಲ್ಲಿ ದುಃಖ, ಸಂಕಟ. ನಮಗೆ ‘ವಿಷಮ’ ಎಂದರೆ ಪೇಪರಿನಲ್ಲಿ ಬರುವ ‘ಪರಿಸ್ಥಿತಿ ವಿಷಮ’. ನಾವು ಹೇಳುವ ‘ಮಂಡೆ ಬೆಚ್ಚ’ದೊಳಗೆ ಸಿಟ್ಟು, ಚಿಂತೆ, ತಲೆನೋವು ಎಲ್ಲ ಒಟ್ಟಿಗಿವೆ. ‘ಬೇಜಾರು’ ಇನ್ನೂ ದೊಡ್ಡ ಚೀಲ. ಆದ್ದರಿಂದ ಭಾವನೆಯ ಪದ ಬಿಟ್ಟು ಅಳತೆಯ ಮಾತು ಅಭ್ಯಾಸ ಮಾಡಿಸಿ: ಎಷ್ಟು ಗಂಟೆಗೆ ಎಚ್ಚರವಾಗುತ್ತದೆ, ಎಷ್ಟು ದಿನದಿಂದ, ಊಟ ಅರ್ಧವೋ ಕಾಲೋ, ಯಾರೂ ಇಲ್ಲದಾಗ ಮನುಷ್ಯರ ಮಾತು ಕೇಳುತ್ತದೋ. ಕ್ಲಿನಿಕ್ಕಿನ ಹಿಂದಿನ ಶನಿವಾರ ಇದನ್ನೆಲ್ಲ ಅರ್ಧ ಪುಟದಲ್ಲಿ, ಮಲಯಾಳಂ ಬಲ್ಲ ಸದಸ್ಯರೊಬ್ಬರ ನೆರವಿನಿಂದ ಬರೆಸಿ, ಕೊನೆಗೆ ಮೂರು ಪ್ರಶ್ನೆ ಸೇರಿಸಿ. ನಾಲ್ಕನೆಯ ಪ್ರಶ್ನೆಗೆ ಹೊತ್ತು ಸಿಗುವುದಿಲ್ಲ.

ಬೈಗುಳದ ಬಗ್ಗೆ ಒಂದು ಮಾತು. ‘ಮರ್ಲ್’, ‘ಪಿರ್ಕಿ’, ‘ಕುದಿರವಟ್ಟಂಗೆ (ಕೋಝಿಕ್ಕೋಡಿನ ಮಾನಸಿಕ ಆಸ್ಪತ್ರೆಗೆ) ಕಳಿಸಬೇಕು’, ಇವನ್ನೆಲ್ಲ ಹೊರಗೆ ಕೇಳಿ ಬಂದವರೇ ಒಳಗೆ ಕೂತಿರುವುದು. ತನ್ನನ್ನೇ ಹಾಗೆ ಕರೆದುಕೊಂಡು ನಗುವುದು ಅವರವರ ಇಷ್ಟ. ಪಕ್ಕದವರನ್ನು ಕರೆಯುವಂತಿಲ್ಲ.

ಮದ್ದಿನ ಮಾತು ಬಂದಾಗ

ಬಂದೇ ಬರುತ್ತದೆ. ಡೋಸ್ ಹೆಚ್ಚು ಕಡಿಮೆ ಮಾಡುವ ಮಾತು ಕೂಟದಲ್ಲಿ ಇಲ್ಲ, ಒಬ್ಬರ ಮಾತ್ರೆ ಇನ್ನೊಬ್ಬರಿಗೆ ಕೊಡುವುದಂತೂ ಇಲ್ಲವೇ ಇಲ್ಲ. ಆದರೆ ಕೆಲವು ಸಂಗತಿ ಎಲ್ಲರಿಗೂ ಗೊತ್ತಿರಬೇಕು. ಖಿನ್ನತೆಯ ಮಾತ್ರೆ ಕೆಲಸ ತೋರಿಸಲು ಎರಡರಿಂದ ನಾಲ್ಕು ವಾರ ಬೇಕು. ಅಡ್ಡಪರಿಣಾಮ ಮಾತ್ರ ಮೊದಲ ದಿನದಿಂದಲೇ. ಮದ್ದು ಬಿಡುವವರು ಬಿಡುವುದು ಈ ನಡುವಿನ ದಿನಗಳಲ್ಲಿ, ಹಾಗಾಗಿ ಹೊಸಬರಿಗೆ ಆಗ ಫೋನ್ ಹೆಚ್ಚು ಮಾಡಿ. ಗುಣವಾಯಿತೆಂದು ಒಮ್ಮೆಲೇ ನಿಲ್ಲಿಸಿದರೆ ತಲೆಸುತ್ತು, ತಲೆಯೊಳಗೆ ಕರೆಂಟು ಹೊಡೆದಂತೆ ಅನುಭವ, ಆಮೇಲೆ ಕಾಯಿಲೆಯೇ ಮರಳುವ ಸಾಧ್ಯತೆ. ಮೊದಲ ಸಲದ ಖಿನ್ನತೆಗೂ ಚೇತರಿಸಿದ ಮೇಲೆ ಆರೇಳು ತಿಂಗಳಾದರೂ ಮದ್ದು ಮುಂದುವರಿಸುವುದು ವಾಡಿಕೆ.

ಮನಸ್ಸಿನ ಏರಿಳಿತ ತಡೆಯಲು ಕೊಡುವ ಲಿಥಿಯಂ ತೆಗೆದುಕೊಳ್ಳುವವರ ಹೆಸರು ನಡೆಸುವವರ ಮನಸ್ಸಿನಲ್ಲಿರಲಿ. ಅದರಲ್ಲಿ ಸಾಕಷ್ಟು ಮತ್ತು ವಿಪರೀತ ಎಂಬುದರ ನಡುವೆ ಅಂತರ ಕಡಿಮೆ. ಏಪ್ರಿಲ್ ಸೆಕೆಯಲ್ಲಿ ಬೆವರಿ ನೀರು ಕಡಿಮೆಯಾದರೆ, ಭೇದಿಯಾದರೆ, ಮೈಕೈನೋವಿಗೆ ಅಂಗಡಿಯಿಂದ ಐಬುಪ್ರೊಫೆನ್, ಡೈಕ್ಲೊಫೆನಾಕ್ ತಂದು ನುಂಗಿದರೆ ರಕ್ತದಲ್ಲಿ ಅದರ ಪ್ರಮಾಣ ಏರುತ್ತದೆ. ಕೈ ಜೋರಾಗಿ ನಡುಗುವುದು, ವಾಂತಿ, ನಡೆಯುವಾಗ ತೂರಾಡುವುದು, ನಾಲಗೆ ತೊದಲುವುದು ಕಂಡರೆ ಅದೇ ದಿನ ಆಸ್ಪತ್ರೆ. ತೂರಾಡುವವರನ್ನು ಕಂಡು ಊರವರು ಕುಡಿದಿದ್ದಾನೆ ಎನ್ನುತ್ತಾರೆ, ಕೂಟದವರು ಹಾಗೆ ಅಂದುಕೊಳ್ಳಬಾರದು. ರಕ್ತಪರೀಕ್ಷೆಗೆ ಹೋಗುವಾಗ ಹಿಂದಿನ ಮಾತ್ರೆ ತಿಂದು ಹನ್ನೆರಡು ಗಂಟೆ ಆಗಿರಬೇಕು. ಬೆಳಗ್ಗಿನ ಮಾತ್ರೆ ನುಂಗಿಯೇ ಹೋದರೆ ಲೆಕ್ಕ ತಪ್ಪು ಬರುತ್ತದೆ. ಸ್ಕಿಜೋಫ್ರೇನಿಯಾಕ್ಕೆ ಕೊಡುವ ಕ್ಲೋಜಪಿನ್ ತೆಗೆದುಕೊಳ್ಳುವವರಿಗೆ ಜ್ವರದೊಂದಿಗೆ ಗಂಟಲುನೋವು ಬಂದರೆ ಕಷಾಯ ಮಾಡಿ ಕಾಯುವಂತಿಲ್ಲ, ಬಿಳಿ ರಕ್ತಕಣದ ಪರೀಕ್ಷೆ ತಕ್ಷಣ ಆಗಬೇಕು.

ದಿನವೂ ಹೆಚ್ಚು ಕುಡಿಯುವವರೊಬ್ಬರು ಕೂಟಕ್ಕೆ ಬಂದು “ಇವತ್ತಿನಿಂದ ಬಿಟ್ಟೆ” ಎಂದರೆ ಚಪ್ಪಾಳೆ ಹೊಡೆಯುವ ಮೊದಲು ಆಸ್ಪತ್ರೆಗೆ ಕಳಿಸಿ. ಹಠಾತ್ತನೆ ನಿಲ್ಲಿಸಿದರೆ ಮೊದಲ ಎರಡು ದಿನದಲ್ಲಿ ಫಿಟ್ಸ್, ಎರಡರಿಂದ ನಾಲ್ಕು ದಿನದೊಳಗೆ ಭ್ರಮೆ, ನಡುಕ ಬರಬಹುದು. ಅದು ಪ್ರಾಣಕ್ಕೂ ಅಪಾಯ.

ಗಲ್ಫಿಗೆ ಮರಳುವವರಿಗೆ ಇನ್ನೊಂದು ಎಚ್ಚರಿಕೆ: ನಿದ್ದೆಯ, ಮನಸ್ಸಿನ ಮಾತ್ರೆಗಳಲ್ಲಿ ಕೆಲವಕ್ಕೆ ಅಲ್ಲಿ ಮುಂಗಡ ಅನುಮತಿ ಬೇಕು. ಡಾಕ್ಟರರ ಚೀಟಿ, ಅನುಮತಿ ಎರಡೂ ಕೈಯಲ್ಲಿ ಇಲ್ಲದೆ ಪೆಟ್ಟಿಗೆಗೆ ಮಾತ್ರೆ ಹಾಕಬಾರದು.

ಆಟ, ಕೋಲ, ನೋಂಬು

ದೀಪಾವಳಿ ಕಳೆದಲ್ಲಿಂದ ಪತ್ತನಾಜೆಯವರೆಗೆ (ಮೇ ಕೊನೆಯವರೆಗೆ) ನಮ್ಮ ಊರುಗಳಲ್ಲಿ ರಾತ್ರಿಗೆ ನಿದ್ದೆ ಇಲ್ಲ. ಯಕ್ಷಗಾನದ ಆಟ, ದೈವಗಳ ಕೋಲ, ನೇಮ, ತೆಯ್ಯಂ. ಬೈಪೋಲಾರ್ ಕಾಯಿಲೆ (ಉನ್ಮಾದ, ಖಿನ್ನತೆ ಎರಡೂ ಬಂದು ಹೋಗುವುದು) ಇರುವವರಿಗೆ ನಿದ್ದೆ ಕೆಡುವುದು ಉನ್ಮಾದಕ್ಕೆ ಗೊತ್ತಿರುವ ದಾರಿ. ಹಾಗೆಂದು ಆಟ ನೋಡಬೇಡ ಎಂದರೆ ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿ ಯಾರು ಕೇಳುತ್ತಾರೆ? ಕೂಟದಲ್ಲಿ ಲೆಕ್ಕ ಹಾಕಿ: ಕಾಲಮಿತಿಯ ಆಟ ಆದರೆ ನೋಡಿ ಹನ್ನೆರಡಕ್ಕೆ ಮನೆ, ಇಡೀ ರಾತ್ರಿಯದ್ದಾದರೆ ಒಂದು ಪ್ರಸಂಗ ಮಾತ್ರ. ರಾತ್ರಿಯ ಮಾತ್ರೆ ತಪ್ಪಿಸುವಂತಿಲ್ಲ, ಸತತ ಎರಡು ರಾತ್ರಿ ಹೋಗುವಂತಿಲ್ಲ. ಅಡುಗೆಮನೆಯ ಗೋಡೆ ಕ್ಯಾಲೆಂಡರಿನಲ್ಲಿ ಪ್ರತಿ ದಿನದ ಚೌಕದೊಳಗೆ ನಿದ್ದೆಯ ಗಂಟೆ ಬರೆಯುವ ಅಭ್ಯಾಸ ಮಾಡಿಸಿ. 7, 7, 6, 4, 3 ಎಂದು ಇಳಿಯುತ್ತಿದ್ದು ಮೈಯಲ್ಲಿ ಆಯಾಸವೇ ಇಲ್ಲ ಎಂದಾದರೆ ಅದು ಸಂತೋಷವಲ್ಲ, ಡಾಕ್ಟರರಿಗೆ ಫೋನ್ ಮಾಡುವ ಸಮಯ.

ರಂಜಾನಿನ ನೋಂಬು (ಉಪವಾಸ) ಹಿಡಿಯುವವರು ತಿಂಗಳು ಶುರುವಾಗುವ ಮೊದಲೇ ಡಾಕ್ಟರರನ್ನು ಕಂಡು ಮಾತ್ರೆಯ ಹೊತ್ತು ಬದಲಿಸಿಕೊಳ್ಳಲಿ. ಲಿಥಿಯಂನವರಂತೂ ಕಂಡೇ ನಿರ್ಧರಿಸಬೇಕು.

ಕೈವಿಷ ಹಾಕಿದ್ದಾರೆ, ದೈವದ ಉಪದ್ರ, ಜಿನ್ನಿನ ಕಾಟ ಎಂಬ ನಂಬಿಕೆಗಳ ಜೊತೆ ಜಗಳಕ್ಕೆ ಹೋಗಬೇಡಿ. ಪ್ರಶ್ನೆಗೆ ಇಡಲಿ, ಹರಕೆ ಹೇಳಲಿ, ದರ್ಗಾಕ್ಕೆ ಹೋಗಲಿ. ಕೂಟ ಹಿಡಿಯಬೇಕಾದ ಗೆರೆ ಬೇರೆ: ಮಾತ್ರೆ ನಿಲ್ಲಿಸಬಾರದು, ಕಟ್ಟಬಾರದು, ಹೊಡೆಯಬಾರದು, ಉಪವಾಸ ಕೆಡವಬಾರದು. ಸಂಕೋಲೆ ಹಾಕಿ ಇಡುವುದನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಷೇಧಿಸಿದೆ.

ಕೆಟ್ಟ ರಾತ್ರಿಗೆ ಮೊದಲೇ ಬರೆದಿಟ್ಟ ಕಾಗದ

ಮೂರನೆಯ ಕೂಟದ ಹೊತ್ತಿಗೆ ಪ್ರತಿಯೊಬ್ಬರೂ ಒಂದು ಹಾಳೆ ತುಂಬಿಸಿರಬೇಕು. ಸಮ ಇರುವಾಗ ನಾನು ಹೇಗಿರುತ್ತೇನೆ. ಕೆಡುವ ಮೊದಲು ಏನಾಗುತ್ತದೆ. ಆಗ ಯಾರು ಏನು ಮಾಡಬೇಕು. ಎರಡನೆಯ ಭಾಗವೇ ಕಷ್ಟ, ಅದಕ್ಕೆ ಮನೆಯವರನ್ನು ಕೇಳಬೇಕು. ಒಬ್ಬರು ಕೆಡುವ ಮೊದಲು ಫೋನ್ ರೀಚಾರ್ಜ್ ಮೇಲೆ ರೀಚಾರ್ಜ್ ಮಾಡುತ್ತಾರೆ, ಇನ್ನೊಬ್ಬರು ದನದ ಕೊಟ್ಟಿಗೆಗೆ ಹೋಗುವುದನ್ನು ನಿಲ್ಲಿಸುತ್ತಾರೆ. ಇಂಥ ಸಣ್ಣ ಗುರುತು ಪುಸ್ತಕದಲ್ಲಿ ಸಿಗುವುದಿಲ್ಲ.

ಸಾಯುವ ಯೋಚನೆ ಇದೆಯೇನೋ ಎಂಬ ಸಂಶಯ ಬಂದರೆ ನೇರವಾಗಿ ಕೇಳಿ: “ಸಾಯಬೇಕು ಎಂದು ಅನಿಸುತ್ತಿದೆಯಾ?” ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬುದು ತಪ್ಪು ತಿಳಿವಳಿಕೆ. ಹೌದು ಎಂದರೆ ಒಬ್ಬರೇ ಬಿಡಬೇಡಿ. ತೋಟದ ಕೀಟನಾಶಕ ಆ ಸಂಜೆಯೇ ಇನ್ನೊಂದು ಮನೆಗೆ ಹೋಗಿ ಬೀಗದೊಳಗೆ ಕೂರಬೇಕು, ಮಾತ್ರೆಗಳು ಮನೆಯವರ ಕೈಯಲ್ಲಿ ಇರಬೇಕು. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಹಗಲು ರಾತ್ರಿ ಇದೆ, 2022ರಲ್ಲಿ ಶುರುವಾದದ್ದು, ಕನ್ನಡವನ್ನೂ ಆರಿಸಬಹುದು. ಕೇರಳದ ಆರೋಗ್ಯ ಸಹಾಯವಾಣಿ ದಿಶಾ 1056. ತುರ್ತಿಗೆ 112, ಆಂಬುಲೆನ್ಸ್ 108. ಈ ನಂಬರುಗಳನ್ನು ಮೊದಲ ದಿನವೇ ಎಲ್ಲರ ಫೋನಿಗೆ ಹಾಕಿಸಿ. ಪೊಲೀಸ್ ಕೇಸಿನ ಹೆದರಿಕೆಯಿಂದ ಮನೆಯವರು ಆಸ್ಪತ್ರೆಗೆ ಒಯ್ಯಲು ಹಿಂಜರಿದರೆ ಹೇಳಿ: 2017ರ ಕಾಯ್ದೆಯ 115ನೇ ಕಲಮಿನ ಪ್ರಕಾರ ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷಿಸುವಂತಿಲ್ಲ.

ಅದೇ ಕಾಯ್ದೆ ಇನ್ನೆರಡು ಅನುಕೂಲ ಕೊಟ್ಟಿದೆ. ಮುಂದೆ ಕಾಯಿಲೆ ಜೋರಾದಾಗ ಎಂಥ ಚಿಕಿತ್ಸೆ ಬೇಕು, ಎಂಥದ್ದು ಬೇಡ ಎಂದು ಸಮ ಇರುವಾಗಲೇ ಬರೆದಿಡಬಹುದು. ತನ್ನ ಪರವಾಗಿ ಮಾತಾಡುವವರನ್ನು ತಾನೇ ನೇಮಿಸಬಹುದು. ಅದು ಗಂಡನೋ ಅಣ್ಣನೋ ಆಗಲೇಬೇಕೆಂದಿಲ್ಲ. ತುರ್ತು ಚಿಕಿತ್ಸೆಗೆ ಮುಂಗಡ ಬರಹ ಅಡ್ಡ ಬರುವುದಿಲ್ಲ.

ಗಡಿಯ ವಿಷಯ ಮರೆಯುವಂತಿಲ್ಲ. ನಮ್ಮಲ್ಲಿ ಎಷ್ಟೋ ಮಂದಿಯ ಡಾಕ್ಟರು ಮಂಗಳೂರಿನಲ್ಲಿ. 2020ರ ಮಾರ್ಚಿನಲ್ಲಿ ಕೊರೊನಾ ಕಾರಣಕ್ಕೆ ಕರ್ನಾಟಕದ ಗಡಿಯ ತಲಪಾಡಿ ಮುಚ್ಚಿ, ಒಳರಸ್ತೆಗಳಿಗೆ ಮಣ್ಣು ಸುರಿದಾಗ ಆ ಕಡೆಯ ಚೀಟಿ ಹಿಡಿದವರು ಈ ಕಡೆ ಸಿಕ್ಕಿಬಿದ್ದರು. ಅಂದಿನಿಂದ ಪಾಠ ಒಂದೇ: ಎರಡು ವಾರದ ಮಾತ್ರೆ ಯಾವಾಗಲೂ ಮನೆಯಲ್ಲಿ, ಬೀಗದೊಳಗೆ, ಹೆಚ್ಚುವರಿ. ಚೀಟಿಯಲ್ಲಿ ಕಂಪೆನಿಯ ಹೆಸರಿನ ಜೊತೆ ಮದ್ದಿನ ಮೂಲ ಹೆಸರನ್ನೂ ಬರೆಸಿಕೊಳ್ಳಿ. ವರ್ಷಕ್ಕೊಮ್ಮೆಯಾದರೂ ಇಲ್ಲಿನ ಕ್ಲಿನಿಕ್ಕಿಗೆ ಹೋಗಿ ಒಂದು ಕಾರ್ಡು ಮಾಡಿಸಿಟ್ಟಿರಿ.

ನೋಡಿಕೊಳ್ಳುವವರಿಗೆ ಬೇರೆ ಕೂಟ

ತಾಯಂದಿರು, ಹೆಂಡತಿಯರು ಬೇರೆಯೇ ಕೂರಬೇಕು, ತಿಂಗಳಿಗೊಮ್ಮೆ ಸಾಕು. ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ ಕಡೆ 2000ದವರೆಗೆ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಿದ ಊರುಗಳಲ್ಲಿ ಅಂಗವಿಕಲ ಮಕ್ಕಳನ್ನು ದಶಕಗಳಿಂದ ಎತ್ತಿ ಇಳಿಸುತ್ತಿರುವ ಹೆಂಗಸರಿದ್ದಾರೆ. ಅವರ ಮನೆಗೆ ಪುಸ್ತಕ ಹಿಡಿದು ಬಂದವರಿಗೆ, ಕ್ಯಾಮರಾ ಹಿಡಿದು ಬಂದವರಿಗೆ ಲೆಕ್ಕವಿಲ್ಲ. ಆದ್ದರಿಂದ ಅಲ್ಲಿ ಬರೆದುಕೊಳ್ಳಬೇಡಿ, ಫೋಟೊ ತೆಗೆಯಬೇಡಿ. ಅವರು ಹೊರಬರಲು ಬೇಕಾದ್ದು ಪ್ರೇರಣೆ ಅಲ್ಲ, ಎರಡು ಗಂಟೆ ಮಗುವಿನ ಹತ್ತಿರ ಕೂರುವ ಒಬ್ಬರು. ಅದನ್ನು ಮೊದಲು ಗೊತ್ತು ಮಾಡಿ, ಕರೆಯುವುದು ಆಮೇಲೆ.

ಕಾಗದಪತ್ರದ ಕೆಲಸಕ್ಕೆ ಕೂಟದಿಂದ ಜೊತೆಗೊಬ್ಬರು ಹೋದರೆ ಅರ್ಧ ಭಾರ ಇಳಿಯುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮಾನಸಿಕ ಕಾಯಿಲೆಯೂ ಸೇರಿದೆ. ಸೌಲಭ್ಯಗಳಿಗೆ ಸಾಮಾನ್ಯವಾಗಿ ಶೇ. 40 ಅಂಗವೈಕಲ್ಯದ ಪ್ರಮಾಣಪತ್ರ ಬೇಕು. ಅಳೆಯುವುದು ತನ್ನ ಆರೈಕೆ, ಜನರೊಂದಿಗೆ ಸಂಬಂಧ, ಮಾತು–ತಿಳಿವಳಿಕೆ, ಕೆಲಸ ಎಂಬ ನಾಲ್ಕು ವಿಷಯ, ಜೊತೆಗೆ ಕಾಯಿಲೆ ಎಷ್ಟು ವರ್ಷದ್ದು ಎಂದು. ಇಲ್ಲಿ ಆಗುವ ತಪ್ಪು ವಿಚಿತ್ರ: ಅದನ್ನು ಅಳೆಯುವ ಮೆಡಿಕಲ್ ಬೋರ್ಡಿನೆದುರು ಹೋಗುವಾಗ ಮನೆಯವರು ಇಸ್ತ್ರಿ ಅಂಗಿ ಹಾಕಿಸಿ, ತಲೆ ಬಾಚಿ ಕರೆದೊಯ್ಯುತ್ತಾರೆ, ಕೇಳಿದ್ದಕ್ಕೆಲ್ಲ “ಈಗ ತೊಂದರೆ ಇಲ್ಲ” ಎನ್ನುತ್ತಾರೆ. ಮರ್ಯಾದೆಯ ಪ್ರಶ್ನೆ! ಕೆಟ್ಟ ದಿನಗಳಲ್ಲಿ ಯಾರು ಸ್ನಾನ ಮಾಡಿಸುತ್ತಾರೆ, ಎಷ್ಟು ಕೆಲಸ ಬಿಟ್ಟುಹೋಗಿದೆ ಎಂದು ಹೇಳಬಲ್ಲವರು ಜೊತೆಗಿರಬೇಕು, ಹಳೆಯ ಚೀಟಿಗಳು ವರ್ಷದ ಕ್ರಮದಲ್ಲಿ ಇರಬೇಕು.

ಕೂಟ ಕೆಡುವುದು ಹೀಗೆ

ದುಡ್ಡು. ಸದಸ್ಯರ ನಡುವೆ ಸಾಲ ಬೇಡ, ಚಿಟ್ ಫಂಡ್ ಬೇಡ. ಕುಟುಂಬಶ್ರೀಯ ಉಳಿತಾಯದ ಮಾದರಿ ಒಳ್ಳೆಯದೇ, ಆದರೆ ಅದನ್ನು ಇಲ್ಲಿಗೆ ತಂದರೆ ಕಂತು ಕಟ್ಟಲಾಗದ ಸದಸ್ಯೆ ಕಾಯಿಲೆ ಜೋರಾದ ತಿಂಗಳೇ ಮುಖ ತಪ್ಪಿಸಿಕೊಳ್ಳುತ್ತಾಳೆ.

ವಾಟ್ಸ್ಆ್ಯಪ್. ಗ್ರೂಪ್ ಮಾಡುವುದಾದರೆ ಹೆಸರು ‘ಶನಿವಾರ’ ಎಂದಿರಲಿ. ಬೇರೆಯವರ ಕೈಗೆ ಫೋನ್ ಸಿಕ್ಕಾಗ ಪರದೆಯ ಮೇಲೆ ಕಾಣುವುದು ಆ ಹೆಸರೇ. ಹೊತ್ತು, ಜಾಗ ಬಿಟ್ಟು ಬೇರೆ ಸಂದೇಶ ಬೇಡ. ಮದ್ದಿನ ಫಾರ್ವರ್ಡ್ ಹಾಕಿದವರಿಗೆ ಅದೇ ದಿನ ಫೋನ್ ಮಾಡಿ ತೆಗೆಸಿ. ರಾತ್ರಿ ಎರಡು ಗಂಟೆಗೆ ಬಂದ “ನನಗೆ ಸಾಕಾಯಿತು” ಎಂಬ ಸಂದೇಶವನ್ನು ಬೆಳಗ್ಗೆ ಏಳಕ್ಕೆ ಓದುವುದು ಯಾರಿಗೂ ಬೇಡ. ಗ್ರೂಪಿನಲ್ಲಿ ತುರ್ತು ಹಾಕುವುದಲ್ಲ, ಕರೆ ಮಾಡುವುದು ಎಂದು ಪ್ರತಿ ಕೂಟದಲ್ಲಿ ಹೇಳಿ.

ಸುದ್ದಿ ಹೊರಗೆ ಹೋದದ್ದು ಗೊತ್ತಾದರೆ ಮುಚ್ಚಿಡಬೇಡಿ. ಮುಂದಿನ ಕೂಟದಲ್ಲಿ ಹೆಸರು ಹೇಳದೆ, ಏನಾಯಿತೆಂದು ಹೇಳಿ. ಯಾರ ಮಾತು ಹೋಯಿತೋ ಅವರ ಮನೆಗೆ ನಡೆಸುವವರಿಬ್ಬರೂ ಹೋಗಬೇಕು. ಹೇಳಿದವರನ್ನು ಒಮ್ಮೆ ಎಚ್ಚರಿಸಿ, ಎರಡನೆಯ ಸಲಕ್ಕೆ ಬರಬೇಡಿ ಎನ್ನಿ. ಇದರಲ್ಲಿ ದಾಕ್ಷಿಣ್ಯ ಮಾಡಿದರೆ ಉಳಿದ ಆರು ಮಂದಿ ಏನೂ ಹೇಳದೆ ಬರುವುದನ್ನು ನಿಲ್ಲಿಸುತ್ತಾರೆ.

ನಡೆಸುವವರೇ ಕೆಡುವುದೂ ಉಂಟು. ಎಲ್ಲರ ಫೋನನ್ನು ಎಲ್ಲ ಹೊತ್ತಿನಲ್ಲಿ ಎತ್ತುವವರು ಆರು ತಿಂಗಳಲ್ಲಿ ತಾವೇ ಹಾಸಿಗೆ ಹಿಡಿಯುತ್ತಾರೆ. ರಾತ್ರಿ ಒಂಬತ್ತರ ಮೇಲೆ ತಮ್ಮ ನಂಬರ್ ಇಲ್ಲ, 14416 ಇದೆ ಎಂದು ಮೊದಲೇ ಹೇಳಲಿ. ಕೂಟ ಮುಗಿದ ಮೇಲೆ ಇಬ್ಬರೂ ಹದಿನೈದು ನಿಮಿಷ ಕೂತು, ಯಾವ ಮಾತು ತಮ್ಮನ್ನು ಕಲಕಿತು ಎಂದು ಪರಸ್ಪರ ಹೇಳಿಕೊಂಡೇ ಮನೆಗೆ ಹೋಗಲಿ. ವರ್ಷಕ್ಕೊಮ್ಮೆ ಒಬ್ಬರು ಬದಲಾಗಲಿ.

ಒಬ್ಬರು ಸತತ ಎರಡು ಸಲ ಬಾರದಿದ್ದರೆ ಫೋನ್. ಕೇಳುವುದು “ಯಾಕೆ ಬರಲಿಲ್ಲ?” ಎಂದಲ್ಲ, “ನಿಮ್ಮ ಜಾಗ ಖಾಲಿ ಇತ್ತು” ಎಂದು. ಎತ್ತದಿದ್ದರೆ ಮರುದಿನ ಮನೆಯವರಿಗೆ. ಜುಲೈ ತಿಂಗಳ ಜೋರು ಮಳೆಗೆ ಒಬ್ಬರೇ ಬಂದು ಕೂತರೂ ಕೂಟ ಇದೆ: ನಿಯಮ ಓದಿ, ಅಡಕೆ ಕೊಡಿ, ಐದು ಗಂಟೆಯವರೆಗೆ ಕೂತು, ಚಹಾ ಕುಡಿದು, ಗ್ರಂಥಾಲಯದ ಬೀಗದ ಕೈ ವಾಪಸು ಕೊಟ್ಟು ಹೊರಡಿ.